ಬೆಳ್ಳಿ ಕುಡಿದ ಬೇಸಿಗೆ

ಮೊದಲ ಕಲ್ಲು ಹಿಂದಿನ ಗಾಜಿಗೆ ಬಿತ್ತು.

ಎರಡನೆಯದು ನನ್ನ ಭುಜಕ್ಕೆ.

"ಓಟ್ಟು ತಂಬಿ... ಓಟ್ಟು!" ಹಿಂದಿನ ಸೀಟಿನ ಕೆಳಗೆ ಮುದುಡಿಕೊಂಡಿದ್ದ ಡಾಕ್ಟರ್ ಇಳಂಗೋವನ್ ಕೂಗಿದ.

ಓಡಿಸದೆ ಇಳಿದು ಭಾಷಣ ಮಾಡುತ್ತೇನೆಯೇ? ಅಂಬಾಸಡರ್ ಕಾರಿನ ಗೇರ್ ಜಗ್ಗಿದೆ. ಎದುರಿಗೆ ಕಡಯಂಪಟ್ಟಿಯ ಅಂಗಡಿ ಬೀದಿ. ಬೀದಿಗೆ ಅಡ್ಡವಾಗಿ ಎತ್ತಿನ ಗಾಡಿ ನಿಲ್ಲಿಸಿದ್ದರು. ಗಾಡಿಯ ಹಿಂದೆ ಜನ. ಕೈಯಲ್ಲಿ ದೊಣ್ಣೆ, ಸಲಿಕೆ. ಒಬ್ಬ ಹೆಂಗಸಿನ ಕೈಯಲ್ಲಿ ಒನಕೆ.

ಅವರ ಮುಖ ನೋಡಿದೆ. ಕೆಲವು ಮಾಮೂಲಿ ಮುಖಗಳು. ಕೆಲವು ಅಲ್ಲ. ಸ್ಲೇಟಿನ ಬಣ್ಣ. ಬೂದಿಗೆ ನೀಲಿ ಕಲಸಿದ ಹಾಗೆ. ಬದುಕಿರುವ ಮನುಷ್ಯನ ಮೇಲೆ ಇರಬಾರದ ಬಣ್ಣ.

ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಕಾರು ಟೀ ಅಂಗಡಿಯ ಚಪ್ಪರದ ಗಳ ಕಿತ್ತುಕೊಂಡು, ಚರಂಡಿ ಹಾರಿ, ಹುಣಿಸೆ ತೋಪಿಗೆ ನುಗ್ಗಿತು. ಬೈಗುಳ ಹಿಂದೆ ಉಳಿಯಿತು. ಕಲ್ಲು ಸ್ವಲ್ಪ ದೂರ ಜೊತೆಗೆ ಬಂತು.

ಹೆದ್ದಾರಿ ಸಿಕ್ಕ ಮೇಲೆ ಡಾಕ್ಟರ್ ತಲೆ ಎತ್ತಿದ. ಕೂದಲ ತುಂಬ ಗಾಜಿನ ಚೂರು. ಎದೆಗೆ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನ್ ಅವುಚಿಕೊಂಡಿದ್ದ.

"ಏನದು?"

"ನನ್ನ ಹತ್ತು ವರ್ಷ," ಅಂದ. "ಇದನ್ನು ಬಿಟ್ಟು ಎಲ್ಲಿಗೂ ಬರಲ್ಲ."

"ತಲೆ ಬಗ್ಗಿಸಿ ಸಾರ್. ಹತ್ತು ವರ್ಷ ಉಳಿಯುತ್ತೆ, ತಲೆ ಹೋಗುತ್ತೆ."

ಬಗ್ಗಿಸಿದ. ಕೆಳಗಿನಿಂದಲೇ ಹೇಳಿದ.

"ನನ್ನ ಜೀವ ಉಳಿಸಿದೆ ತಂಬಿ."

"ಹೌದು ಸಾರ್."

ಸುಳ್ಳಲ್ಲ. ಆ ಜನ ಅವನನ್ನು ಹೊಡೆದು ಮುಗಿಸುತ್ತಿದ್ದರು. ಅರ್ಧ ಗಂಟೆಯ ಕೆಲಸ.

ನನಗೆ ಅಷ್ಟು ಸಾಲದು.

ಯಾಕೆ ಅಂತ ಹೇಳುತ್ತೇನೆ, ಕೇಳಿ. ಡಾಕ್ಟರ್ ಜೊತೆ ನನ್ನ ಮಾತೆಲ್ಲ ತಮಿಳಿನಲ್ಲಿ. ನಿಮಗೆ ಕನ್ನಡದಲ್ಲೇ ಹೇಳುತ್ತೇನೆ.

ನನ್ನ ಹೆಸರು ಚಿನ್ನರಾಜ್. ಸೇಲಂನಲ್ಲಿ ಕಾಲ್ಗೆಜ್ಜೆ ಮಾಡುವ ಸಣ್ಣ ಕಾರ್ಖಾನೆಗಳು, ಬೆಳ್ಳಿ ಪಟ್ಟರೆಗಳು ಇವೆಯಲ್ಲ, ಅಲ್ಲಿ ಕೆಲಸಗಾರ ಬೆಳ್ಳಿ ಪುಡಿ ಕದ್ದು ಓಡಿಹೋದರೆ ಮಾಲೀಕರು ಪೊಲೀಸರ ಹತ್ತಿರ ಹೋಗುವುದಿಲ್ಲ. ನನ್ನ ಹತ್ತಿರ ಬರುತ್ತಾರೆ. ನಾನು ಹುಡುಕುತ್ತೇನೆ. ಬೆಳ್ಳಿ ತರುತ್ತೇನೆ. ಕೆಲವೊಮ್ಮೆ ಕಳ್ಳನನ್ನೂ ತರುತ್ತೇನೆ. ಸೇಲಂನವರೆಲ್ಲ ನನ್ನನ್ನು ತಮಿಳಿನವನು ಅಂದುಕೊಂಡಿದ್ದಾರೆ. ಮನೆಮಾತು ಕನ್ನಡ. ಊರು ಕಾರಿಮಂಗಲಂನಿಂದ ಆಚೆ, ಕುರಿ ಸಾಕುವವರ ಒಂದು ಹಟ್ಟಿ.

ಆ ಹಟ್ಟಿಗೆ ತೊಂಬತ್ತೈದರಲ್ಲಿ ಒಂದು ಜೀಪ್ ಬಂತು. ಕಾಂಪೌಂಡರ್ ಒಬ್ಬ ಇಳಿದ. ಬಿಡದ ಕೆಮ್ಮು, ಮಾಯದ ಹುಣ್ಣು ಇದ್ದವರನ್ನು ಆರಿಸಿದ. ಹತ್ತು ಜನ. ಒಬ್ಬೊಬ್ಬರಿಗೆ ಒಂದೊಂದು ಬಾಟಲಿ. ವಿಟಮಿನ್ ಟಾನಿಕ್, ದಿನಾ ಕುಡಿಯಿರಿ, ಬಿಟ್ಟಿ ಅಂದ. ತಿಂಗಳಿಗೊಮ್ಮೆ ಬಂದು ಮತ್ತೆ ಕೊಟ್ಟ. ಡಾಕ್ಟರ್ ಮಾತ್ರ ಒಂದು ಸಲವೂ ಬರಲಿಲ್ಲ.

ಆದರೆ ನಮ್ಮ ಹಟ್ಟಿಯಲ್ಲಿ ಒಬ್ಬನಿಗೆ ಬಂದ ಮದ್ದನ್ನು ಒಬ್ಬನೇ ಕುಡಿಯುವುದಿಲ್ಲ. ಕಾಯಿಲೆ ಬರುವುದು ಮನುಷ್ಯನಿಗಲ್ಲ, ಹಟ್ಟಿಗೆ ಅನ್ನುವ ನಂಬಿಕೆ. ಬೀರೇದೇವರ ಗುಡಿ ಮುಂದೆ ಒಂದು ಕೊಡ ಇಡುತ್ತಾರೆ. ಮದ್ದನ್ನೆಲ್ಲ ಅದಕ್ಕೆ ಸುರಿದು ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ಎಲ್ಲರೂ ಅಂದರೆ ಎಲ್ಲರೂ. ಎದೆಹಾಲು ಕುಡಿಯುವ ಕೂಸಿನ ನಾಲಿಗೆಗೂ ಒಂದು ಹನಿ.

ವರ್ಷ ತುಂಬುವುದರೊಳಗೆ ಹಟ್ಟಿ ಬಣ್ಣ ಬದಲಿಸಿತು.

ನನ್ನ ಅಕ್ಕ ಮಾರಕ್ಕನ ಮಗಳು ಪುಷ್ಪಾ. ಮೊರಪ್ಪೂರಿನ ಹುಡುಗನಿಗೆ ಗೊತ್ತಾಗಿತ್ತು. ಹೂ ಮುಡಿಸಿ ಹೋಗಿದ್ದರು. ಮುಂದಿನ ಸಲ ಬಂದವರು ಹುಡುಗಿಯ ಮುಖ ನೋಡಿ, ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಹೋದರು. ಪುಷ್ಪಾ ಮೊರಪ್ಪೂರು ಸ್ಟೇಷನ್ನಿನ ಆಚೆ ಹಳಿಯ ಮೇಲೆ ಸಿಕ್ಕಳು. ಹತ್ತೊಂಬತ್ತು ವರ್ಷ ಅವಳಿಗೆ. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಆ ಬಣ್ಣದ ಕಾಲು ಬೇರೆ ಯಾರದು?

ಅಕ್ಕನನ್ನು ಕರೆದುಕೊಂಡು ಪೊಲೀಸ್ ಸ್ಟೇಷನ್‌ಗೆ ಹೋದೆ. ಎಸ್ಸೈ ಅವಳ ಮುಖ ನೋಡಿದ.

"ಕುರಿ ಕಾಯೋರು ಬಿಸಿಲಿಗೆ ಕಪ್ಪಾಗದೆ ಬೆಳ್ಳಗಾಗ್ತಾರಾ?" ಅಂದ. ಪಕ್ಕದ ಪೇದೆ ನಕ್ಕ.

ಅಕ್ಕ ಅಳಲಿಲ್ಲ. ಹೊರಗೆ ಬಂದ ಮೇಲೆ ಹೇಳಿದಳು.

"ಚಿನ್ನ, ನೀನು ಸಾವ್ಕಾರ್ರ ಬೆಳ್ಳಿನೆಲ್ಲ ಉಡುಕ್ಕೊಡ್ತೀಯಂತಲ್ಲಾ. ನನ್ ಮಗ್ಳಿಗೆ ಇಂಗ್ ಮಾಡ್ದೋನ್ನ ಉಡುಕ್ಕೊಡ್ಲಾ."

ಹುಡುಕಿದೆ. ಕಷ್ಟವಾಗಲಿಲ್ಲ. ಬಾಟಲಿಯ ತಳದಲ್ಲಿ ಒಣಗಿದ್ದನ್ನು ಪಟ್ಟರೆಯ ಬೆಂಕಿಗೆ ಹಿಡಿದೆವು. ಮಿಂಚಿತು. ಬೆಳ್ಳಿ. ಗೆಜ್ಜೆ ಮಾಡದವನೊಬ್ಬ ಸೇಲಂನಲ್ಲಿ ಅಚ್ಚ ಬೆಳ್ಳಿ ಕೊಳ್ಳುತ್ತಿದ್ದಾನೆ ಅಂದರೆ ಒಬ್ಬನೇ. ಓಮಲೂರು ರಸ್ತೆಯ ಡಾಕ್ಟರ್ ಇಳಂಗೋವನ್.

ಇನ್ನೊಂದೂ ಕಂಡುಹಿಡಿದೆ. ಅಕ್ಕನ ಬಳೆ ಸರಿಸಿದರೆ ಅಡಿಯಲ್ಲಿ ಚರ್ಮ ಹುಟ್ಟಿದ ಬಣ್ಣದ್ದೇ. ಹಟ್ಟಿಯಲ್ಲಿ ಸಿದ್ದಲಕ್ಷ್ಮಮ್ಮ ಅಂತ ಒಬ್ಬ ಮುದುಕಿ, ಲಕ್ವಾ ಹೊಡೆದು ಗುಡಿಸಲಿನ ಒಳಗೇ ಮಲಗಿದ್ದಾಳೆ. ಎಲ್ಲರಷ್ಟೇ ಕುಡಿದವಳು. ಅವಳ ಮುಖಕ್ಕೆ ಏನೂ ಆಗಿರಲಿಲ್ಲ. ಫೋಟೋ ಕಾಗದಕ್ಕೆ ಹಚ್ಚುವುದೂ ಬೆಳ್ಳಿಯೇ, ಬೆಳಕು ಬಿದ್ದರೆ ಕಪ್ಪಾಗುತ್ತದೆ ಅಂತ ಸೇಲಂನ ಸ್ಟುಡಿಯೋದವನೊಬ್ಬ ಹೇಳಿದ್ದ. ಇದೂ ಹಾಗೇ. ಕುಡಿದರೆ ಸಾಲದು. ಬಿಸಿಲು ಬೇಕು.

ಅದನ್ನು ಯಾರಿಗೂ ಹೇಳಲಿಲ್ಲ. ಕಾದೆ.

ಮುಂದೆ ಅವನು ಕಡಯಂಪಟ್ಟಿಯಲ್ಲೂ ಕ್ಯಾಂಪ್ ಹಾಕಿದ. ಹೊಲದಲ್ಲಿ ದುಡಿಯುವ ಜನ. ಅವರ ಮುಖಕ್ಕೂ ಬಂತು. ಅವರು ನಮ್ಮ ಹಾಗಲ್ಲ, ಜೋರು. ಪೇಪರಿಗೆ ಬಂತು. ನಮ್ಮ ಹಟ್ಟಿಯ ದೂರನ್ನೂ ಧೂಳು ಕೊಡವಿ ತೆಗೆದರು. ಧರ್ಮಪುರಿಯಲ್ಲಿ ಕೇಸಾಯಿತು. ಅಷ್ಟರಲ್ಲಿ ಕೋರ್ಟಿಗೆ ಬೇಸಿಗೆ ರಜೆ ಹತ್ತಿರ ಬಂತು. ಕೋರ್ಟ್ ಮತ್ತೆ ತೆರೆಯುವ ತನಕ ಮುಟ್ಟಬಾರದು ಅಂತ ಅವನ ವಕೀಲ ಆರ್ಡರ್ ತಂದ. ಪೊಲೀಸರು ಮುಟ್ಟುವುದಿಲ್ಲ. ಜನ ಬಿಡಬೇಕಲ್ಲ? ತನ್ನನ್ನು ಅಡಗಿಸಿಡಲು ಗಟ್ಟಿ ಆಳು ಯಾರಾದರೂ ಇದ್ದಾರಾ ಅಂತ ಡಾಕ್ಟರ್ ಬೆಳ್ಳಿ ವ್ಯಾಪಾರಿಗಳನ್ನು ಕೇಳಿದ.

ಎಲ್ಲರೂ ನನ್ನ ಹೆಸರು ಹೇಳಿದರು. ಹೇಳುವ ಹಾಗೆ ನಾನು ಮೊದಲೇ ಏರ್ಪಾಡು ಮಾಡಿದ್ದೆ. ಅಡಗುವ ಮೊದಲು ಕ್ಯಾಂಪಿನಲ್ಲಿ ಬಿಟ್ಟಿದ್ದ ಕ್ಯಾನ್ ತರಲೇಬೇಕು ಅಂತ ಅವನು ಹಟ ಹಿಡಿದದ್ದಕ್ಕೇ ನಾವು ಆ ದಿನ ಕಡಯಂಪಟ್ಟಿಗೆ ಹೋಗಿ ಕಲ್ಲು ತಿಂದದ್ದು.

ಅವನನ್ನು ಕರೆತಂದಿದ್ದು ದೊಡ್ಡಮುನಿಯಪ್ಪನ ಮಂದೆಗೆ.

ದೊಡ್ಡಮುನಿಯಪ್ಪ ಅಕ್ಕನ ಮಾವ. ಪುಷ್ಪಾಳ ತಾತ. ವರ್ಷವಿಡೀ ಕುರಿಯ ಹಿಂದೆ ಗುಡ್ಡ ಸುತ್ತುವವನು. ಹಟ್ಟಿಯವರು ಕೊಡದಿಂದ ಕುಡಿಯುವಾಗ ಊರಲ್ಲಿರಲಿಲ್ಲ. ಹಾಗಾಗಿ ಮುದುಕನ ಮೈಬಣ್ಣ ಸರಿಯಾಗಿಯೇ ಇತ್ತು. ಡಾಕ್ಟರ್‌ಗೆ ಅನುಮಾನ ಬರುವಂಥದ್ದು ಅಲ್ಲಿ ಏನೂ ಇರಲಿಲ್ಲ. ಬೋಳು ಗುಡ್ಡ, ಮುಳ್ಳಿನ ರೊಪ್ಪ, ಒಂದು ಹೊಂಗೆ ಮರ, ನೆರಳಿಗೆ ಒಂದು ಟಾರ್ಪಾಲು.

ಡಾಕ್ಟರ್ ಮುಖ ತೊಳೆಯಲು ಹೋದಾಗ ಮುದುಕನನ್ನು ಪಕ್ಕಕ್ಕೆ ಕರೆದೆ.

"ಮಾವ, ಇವನು ಯಾರು ಗೊತ್ತಾಯ್ತಾ?"

"ಗೊತ್ತಾಯ್ತು. ಕೊಯ್ದಾಕ್ಲಾ?"

ಕುರಿಗೆ ನೀರು ಕುಡಿಸಲಾ ಅಂತ ಕೇಳಿದ ಹಾಗೆ ಕೇಳಿದ.

"ಬ್ಯಾಡ. ಅವನ ಮದ್ದು ಅವನೇ ಕುಡೀಬೇಕು. ದಿನಾ. ನೀನು ಅವನ್ನ ಬಿಸಿಲಲ್ಲಿ ತಿರುಗಿಸ್ಬೇಕು. ಅಷ್ಟೇ."

ಮುದುಕ ಎಲೆಯಡಿಕೆ ಉಗಿದ.

"ಆಗಾಕಿಲ್ಲ."

"ಯಾಕೆ?"

"ಒಬ್ನಿಗೇ ಕುಡ್ಸಿದ್ರೆ ಅದು ಮದ್ದಲ್ಲ ಕಣ್ಲಾ, ಇಸ. ನನ್ ಮಂದೇಲಿ ಇಸ ಇಕ್ಕೋ ಕೆಲ್ಸ ನಡ್ಯಾಕಿಲ್ಲ. ಜತೇಲಿ ಇನ್ನೊಬ್ಬ ಕುಡೀಬೇಕು. ಅದೇ ಲೋಟ, ಅದೇ ಅಳತೆ."

"ನಿನ್ನ ಮೊಮ್ಮಗಳನ್ನ ಕೊಂದೋನು ಮಾವ ಅವನು."

"ಅದ್ಕೇ ಕೊಯ್ದಾಕ್ಲಾ ಅಂತ ಕೇಳ್ದೆ. ಕೊಯ್ಯೋದು ಬ್ಯಾರೆ. ಕುಡ್ಸೋದು ಬ್ಯಾರೆ."

"ಹಂಗಾದ್ರೆ ನೀನೇ ಕುಡಿ."

"ಬಿಸ್ಲು ಬಿಟ್ರೆ ನಂಗೆ ಬದುಕೈತಾ? ನೀನ್ ಕುಡಿ. ಒಟ್ಟೆ ಉರೀತಿರೋದು ನಿಂಗೆ."

ಮುದುಕನ ಮುಖ ನೋಡಿದೆ. ತಮಾಷೆ ಇರಲಿಲ್ಲ.

"ಸರಿ," ಅಂದೆ.

ಆ ಸಂಜೆಯೇ ಡಾಕ್ಟರ್ ನನಗೆ ಪಾಠ ಮಾಡಿದ. ಕೇಳಿದ್ದು ನಾನೇ. ಇಂಥವರಿಗೆ ಹೊಡೆದು ಬಾಯಿ ಬಿಡಿಸಬೇಕಾಗಿಲ್ಲ. ಹೊಗಳಿದರೆ ಸಾಕು.

"ಅಷ್ಟು ಸಣ್ಣ ಕ್ಯಾನಿನಲ್ಲಿ ಏನಿದೆ ಸಾರ್ ಅಂಥದ್ದು?"

ಮುಚ್ಚಳ ತೆಗೆದು ತೋರಿಸಿದ. ಗಟ್ಟಿ ಟೀ ಡಿಕಾಕ್ಷನ್ ಬಣ್ಣದ ನೀರು.

"ಬೆಳ್ಳಿ ತಂಬಿ. ಮೀಟರ್ ಕೋಲನ್ನು ನೂರು ಕೋಟಿ ತುಂಡು ಮಾಡು. ಅಂಥ ಹತ್ತು ತುಂಡು ಸೇರಿದರೆ ನನ್ನ ಒಂದು ಕಣ. ಮಿಠಾಯಿ ಮೇಲೆ ಬೆಳ್ಳಿ ಹಾಳೆ ಅಂಟಿಸ್ತಾರಲ್ಲ, ಅದನ್ನು ತಿಂದರೆ ಏನಾಗುತ್ತೆ?"

"ಬೆಳಗ್ಗೆ ಹೊರಗೆ ಹೋಗುತ್ತೆ."

"ನಂದು ಹೋಗಲ್ಲ." ಅವನ ಕಣ್ಣು ಹೊಳೆಯಿತು. "ಕರುಳಿನ ಗೋಡೆ ದಾಟುತ್ತೆ. ರಕ್ತಕ್ಕೆ ಇಳಿಯುತ್ತೆ. ಎಲ್ಲಿ ಸೋಂಕಿದೆಯೋ ಅಲ್ಲಿಗೆ ಹೋಗಿ ಕೂತು ಕೊಲ್ಲುತ್ತೆ. ಇಂಜೆಕ್ಷನ್ ಬೇಡ. ಆಸ್ಪತ್ರೆ ಬೇಡ. ಒಂದು ಗುಟುಕು ಸಾಕು. ಮೊದಲು ಹೊಟ್ಟೆಯ ಉಪ್ಪು, ಹುಳಿಗೆ ಸಿಕ್ಕಿ ಗಂಟುಗಟ್ಟುತ್ತಿತ್ತು. ಗಂಟುಗಟ್ಟಿದರೆ ದಪ್ಪ, ದಪ್ಪವಾದರೆ ದಾಟಲ್ಲ. ಆಮೇಲೆ ಒಂದೊಂದು ಕಣಕ್ಕೂ ಗೋಂದಿನ ಅಂಗಿ ತೊಡಿಸಿದೆ. ಈಗ ದಾಟುತ್ತೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಟ್ಟರಂತೂ ಅರಸನ ಹಾಗೆ ಹೋಗುತ್ತೆ."

"ಖಾಲಿ ಹೊಟ್ಟೆಗೆ," ಅಂದೆ.

"ಹೂಂ. ಉಪ್ಪು ಮುಟ್ಟುವ ಮೊದಲು."

"ಮತ್ತೆ ಆ ಬಣ್ಣ?"

ಮುಖ ಗಂಟಿಕ್ಕಿದ.

"ಅದೇ ತಿಳೀತಿಲ್ಲ. ಸೇಲಂನ ಅಂಗಡಿಯವರಿಗೆ ಕೊಟ್ಟೆ, ಏನೂ ಆಗಲಿಲ್ಲ. ಈ ಕಾಡುಜನಕ್ಕೆ ಮಾತ್ರ ಆಗುತ್ತೆ. ತಿನ್ನೋದರಲ್ಲಿ ಏನೋ ಇದೆ. ಹತ್ತು ಜನಕ್ಕೆ ಕೊಟ್ಟರೆ ಊರೆಲ್ಲ ಹಂಚಿಕೊಂಡು ಕುಡಿದಿದ್ದಾರೆ, ಮೂರ್ಖರು. ನನ್ನ ಲೆಕ್ಕವೆಲ್ಲ ಹಾಳು."

"ಒಂದು ಹುಡುಗಿ ಸತ್ತಳಂತೆ."

"ರೈಲಿಗೆ ಬಿದ್ದು. ಟಾನಿಕ್‌ನಿಂದ ಅಲ್ಲ."

"ನೀವು ಕುಡಿದು ನೋಡಿದ್ದೀರಾ ಸಾರ್?"

ಜೋರಾಗಿ ನಕ್ಕ.

"ನನಗೇನು ಕಾಯಿಲೆ?"

ಮರುದಿನ ಬೆಳಗ್ಗೆ ನಾನೇ ಟೀ ಕಾಸಿದೆ. ಬೆಲ್ಲದ ಟೀ, ಹಾಲಿಲ್ಲ. ಅವನು ತೊರೆಯ ಕಡೆ ಹೋದಾಗ ಕ್ಯಾನಿನಿಂದ ತೆಗೆದು ಟೀಗೆ ಬೆರೆಸಿ, ತೆಗೆದಷ್ಟು ಡಿಕಾಕ್ಷನ್ ಕ್ಯಾನಿಗೆ ಸುರಿದೆ. ಅದೇ ಬಣ್ಣ. ಮಟ್ಟ ಇಳಿಯಲಿಲ್ಲ. ಕ್ಯಾನಿನ ಬೆಳ್ಳಿ ತೆಳುವಾಗುತ್ತಾ ಬಂದ ಹಾಗೆ ಅಳತೆ ಹೆಚ್ಚಿಸಿದೆ.

ಲೋಟ ಕೈಗೆ ತೆಗೆದುಕೊಂಡ. ಮೂಸಿದ. ನನ್ನ ಕಡೆ ಚಾಚಿದ.

"ಮೊದಲು ನೀನು ಕುಡಿ."

ಬುದ್ಧಿವಂತ. ಜನರಿಗೆ ಏನೋ ಕುಡಿಸಿದವನಿಗೆ ಜನರ ಕೈಯಿಂದ ಕುಡಿಯಲು ಭಯ. ಮುದುಕನ ಕಟ್ಟಳೆ ಇಲ್ಲದಿದ್ದರೆ ನನ್ನ ಯೋಜನೆ ಅಲ್ಲೇ ಮುಗಿಯುತ್ತಿತ್ತು. ಅರ್ಧ ಲೋಟ ಕುಡಿದೆ. ಅವನ ಕಣ್ಣು ನನ್ನ ಗಂಟಲ ಮೇಲೆಯೇ ಇತ್ತು. ದೊಡ್ಡಮುನಿಯಪ್ಪ ದೂರ ನಿಂತು ಇಬ್ಬರನ್ನೂ ನೋಡುತ್ತಿದ್ದ.

ಆಮೇಲೆ ಅವನು ಕುಡಿದ. ತುಟಿ ಒರೆಸಿಕೊಂಡ.

"ಚೆನ್ನಾಗಿದೆ. ಸ್ವಲ್ಪ ಒಗರು."

ಅಲ್ಲಿಂದ ದಿನವೂ ಹಾಗೇ. ಮೊದಲು ನಾನು. ಆಮೇಲೆ ಅವನು.

ಸುಮ್ಮನೆ ಕೂತ ಪೇಟೆ ಮನುಷ್ಯನನ್ನು ಗುಡ್ಡದ ಮೇಲೆ ಯಾರಾದರೂ ಗುರುತು ಹಿಡಿಯುತ್ತಾರೆ ಅಂತ ಹೆದರಿಸಿದೆ. ಪ್ಯಾಂಟು ಹೋಗಿ ಪಂಚೆ ಬಂತು. ಗಡ್ಡ ಬಂತು. ಕೈಗೆ ಕೋಲು ಬಂತು. ಮಾರ್ಚಿನಿಂದ ಮೇ ತಿಂಗಳವರೆಗೆ ಆ ಗುಡ್ಡಗಳಲ್ಲಿ ಬೀಳುವ ಬಿಸಿಲು ನಿಮಗೆ ಗೊತ್ತಿಲ್ಲ. ಬಂಡೆಯ ಮೇಲೆ ಹಲ್ಲಿಯೂ ನಿಲ್ಲುವುದಿಲ್ಲ. ಅಂಥದರಲ್ಲಿ ಡಾಕ್ಟರ್ ಇಡೀ ದಿನ ಕುರಿಯ ಹಿಂದೆ ಅಲೆದ. ದೊಡ್ಡಮುನಿಯಪ್ಪ ಬಿಡಲೇ ಇಲ್ಲ.

ನಾನು? ಟಾರ್ಪಾಲಿನ ಕೆಳಗೆ. ತಲೆಯ ಮೇಲೆ ಕಂಬಳಿ. ದಾರಿ ಕಾಯುತ್ತೇನೆ ಅಂತ ನೆಪ.

"ನೆರಳಲ್ಲಿ ಕೂತು ಕೂಲಿ ತಗೊಳ್ಳೋ ಗೂಂಡಾನ ಇದೇ ಮೊದಲು ನೋಡಿದ್ದು," ಅಂತ ಡಾಕ್ಟರ್ ಹಂಗಿಸಿದ.

"ಚರ್ಮ ಸೂಕ್ಷ್ಮ ಸಾರ್," ಅಂದೆ.

ಡಾಕ್ಟರ್‌ನ ಉಗುರಿನ ಬುಡ ಮೊದಲು ನೀಲಿಯಾಯಿತು. ಅದಕ್ಕೂ ಮುದುಕ ದಾರಿ ಮಾಡಿದ್ದ. ಬೇರೆಯವರ ಮಂದೆಗೆ ಬೆರೆಯದ ಹಾಗೆ ಕುರಿಯ ಬೆನ್ನಿಗೆ ನೀಲಿ ಬಣ್ಣ ಬಳಿಯುತ್ತಾರೆ. ಅದನ್ನು ಕಲಸುವ ಕೆಲಸ ಡಾಕ್ಟರ್‌ಗೆ ಕೊಟ್ಟ. ಕೈ ಯಾವಾಗಲೂ ನೀಲಿ.

"ಈ ದರಿದ್ರ ಬಣ್ಣ ಹೋಗೋದೇ ಇಲ್ಲವಲ್ಲ," ಅಂತ ಡಾಕ್ಟರ್ ಬೂದಿ ಹಾಕಿ ಉಜ್ಜುತ್ತಿದ್ದ.

"ಓಯ್ತದೆ ಓಯ್ತದೆ," ಅನ್ನುತ್ತಿದ್ದ ದೊಡ್ಡಮುನಿಯಪ್ಪ. ಡಾಕ್ಟರ್‌ಗೆ ಕನ್ನಡ ಬರುತ್ತಿರಲಿಲ್ಲ. ಮುದುಕನ ಮುಖ ಓದಲೂ ಬರುತ್ತಿರಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ವೇಣು ಬಂದ.

ವೇಣು ಹಿಂದೆ ನನ್ನ ಜೊತೆಗೇ ಬೆಳ್ಳಿ ಕಳ್ಳರನ್ನು ಹಿಡಿಯುತ್ತಿದ್ದವನು. ಈಗ ಡಾಕ್ಟರ್‌ನ ಪಾಲುದಾರನ ಆಳು. ಟಾನಿಕ್‌ಗೆ ಬಂಡವಾಳ ಹಾಕಿದ್ದು ಆ ಪಾಲುದಾರ. ಡಾಕ್ಟರ್ ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಅವನೂ ಒಳಗೆ. ಡಾಕ್ಟರ್ ಇಲ್ಲದಿದ್ದರೆ ಕೇಸೂ ಇಲ್ಲ.

ನಡುಮಧ್ಯಾಹ್ನ. ಯೆಜ್ಡಿ ಬೈಕಿನ ಸದ್ದು. ಟಾರ್ಪಾಲಿನ ಮುಂದೆ ನಿಲ್ಲಿಸಿದ. ಇಳಿಯಲಿಲ್ಲ.

"ಏನ್ ಚಿನ್ನರಾಜ್, ಕುರಿ ಮೇಯಿಸ್ತಿದ್ದೀಯಾ? ಬಡ್ತಿ ಸಿಕ್ಕಿತಾ?"

"ಯಾರು ಹೇಳಿದರು ನಿನಗೆ, ಇಲ್ಲಿದ್ದೀನಿ ಅಂತ?"

"ಬಾಯಿ ಇರೋರು. ಎಲ್ಲಿ ಅವನು?"

"ಯಾರು?"

ವೇಣು ಸೊಂಟದಿಂದ ಸೂರಿ ಕತ್ತಿ ತೆಗೆದ. ಗುಡ್ಡದ ಕಡೆ ನೋಡಿದ. ಬಂಡೆಯ ಮೇಲೆ ಇಬ್ಬರು. ಒಬ್ಬ ಮುದುಕ. ಒಬ್ಬನಿಗೆ ಕೋಲು ಹಿಡಿಯಲು ಬರುವುದಿಲ್ಲ.

"ಕೋಲನ್ನು ಪೆನ್ನಿನ ಹಾಗೆ ಹಿಡಿದಿದ್ದಾನೆ," ಅಂದ ವೇಣು. ಬೈಕ್ ಎಬ್ಬಿಸಿದ.

ಓಡಿದೆ. ಕಂಬಳಿ ಬಿದ್ದುಹೋಯಿತು. ಬಿಸಿಲು ಹೆಂಚಿನ ಹಾಗೆ ತಲೆಯ ಮೇಲೆ ಕೂತಿತು. ಆ ಹೊತ್ತಿಗೆ ಅದೆಲ್ಲ ಲೆಕ್ಕಕ್ಕೆ ಬರಲಿಲ್ಲ. ದೊಡ್ಡಮುನಿಯಪ್ಪನಿಗೆ ಕೂಗಿ ಹೇಳಿದೆ. ಮುದುಕ ನಾಲಿಗೆ ಮಡಚಿ ಒಂದು ಸಿಳ್ಳೆ ಹಾಕಿದ. ಇಡೀ ಮಂದೆ ಇಳಿಜಾರಿನಲ್ಲಿ ಬೈಕಿನ ಮೇಲೇ ಹರಿದು ಬಂತು. ಕುರಿ ಪಕ್ಕಕ್ಕೆ ಸರಿಯುವ ಪ್ರಾಣಿಯಲ್ಲ. ಮುಂದಿನದು ಹೋದ ಕಡೆ ಹಿಂದಿನದು. ಯೆಜ್ಡಿ ಉರುಳಿತು. ವೇಣು ಎದ್ದ. ಡಾಕ್ಟರ್ ಇನ್ನು ಹತ್ತು ಮಾರು ದೂರ. ಕಾಲು ಕಿತ್ತಿಡಲಾಗದೆ ನಿಂತುಬಿಟ್ಟಿದ್ದ.

ಸೂರಿ ಎತ್ತಿದಾಗ ನಾನು ತಲುಪಿದ್ದೆ. ಮರದ ಸೊಪ್ಪು ಕಡಿಯುವ ದೋಟಿ ಕೈಗೆ ಸಿಕ್ಕಿತ್ತು. ಉದ್ದ ಗಳ, ತುದಿಗೆ ಕುಡುಗೋಲು. ಮಣಿಕಟ್ಟಿಗೆ ಬೀಸಿದೆ. ಸೂರಿ ಬಿತ್ತು. ಅದರ ಹಿಂದೆ ವೇಣುವೂ ಬಿದ್ದ.

"ಥೂ... ಇವನಿಗೋಸ್ಕರವಾ?" ಕೈ ಹಿಡಿದುಕೊಂಡು ಹಲ್ಲು ಕಚ್ಚಿದ. "ಇವನೇನು ನಿನ್ನ ಅಪ್ಪನಾ?"

ಬಗ್ಗಿ ಕಿವಿಯಲ್ಲಿ ಹೇಳಿದೆ. "ಅಲ್ಲ. ನಾನು ಅರ್ಧ ಮಾಡಿದ ಕೆಲಸವನ್ನು ಬೇರೆಯವರು ಮುಗಿಸಿದರೆ ನನಗೆ ಆಗಲ್ಲ."

ವೇಣು ನನ್ನನ್ನು ನೋಡಿದ. ಆಮೇಲೆ ಡಾಕ್ಟರ್‌ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಅವನಿಗೆ ಅರ್ಥವಾಯಿತು. ಕೈಗೆ ಟವೆಲ್ ಸುತ್ತಿಕೊಂಡು ಒಂದೇ ಕೈಯಲ್ಲಿ ಬೈಕ್ ತಳ್ಳಿಕೊಂಡು ಹೋದ. ಮತ್ತೆ ಬರಲಿಲ್ಲ.

ಡಾಕ್ಟರ್ ಹತ್ತಿರ ಬಂದ. ಎರಡೂ ಕೈಯಿಂದ ನನ್ನ ಕೈ ಹಿಡಿದ.

"ಎರಡನೇ ಸಲ ತಂಬಿ. ಇದನ್ನು ನಾನು ಮರೆಯಲ್ಲ."

"ಮರೆಯಲ್ಲ ಸಾರ್. ಖಂಡಿತ."

ಕೇಸಿನ ದಿನ ಬೆಳಗ್ಗೆ ಕಾರಿಮಂಗಲಂಗೆ ಇಳಿದೆವು. ಎಸ್‌ಟಿಡಿ ಬೂತಿನಿಂದ ವಕೀಲನಿಗೆ ಫೋನ್ ಮಾಡಿದ. ಹೊರಗೆ ಬಂದಾಗ ನಗುತ್ತಿದ್ದ.

"ಬುದ್ಧಿವಂತ ಆ ವಕೀಲ. ಏನು ವಾದ ಮಾಡ್ತಾನೆ ಗೊತ್ತಾ? ಡಾಕ್ಟರ್ ಸ್ವತಃ ದಿನಾ ಅದೇ ಟಾನಿಕ್ ಕುಡಿಯುತ್ತಾರೆ, ಮುಖ ನೋಡಿ, ಏನಾಗಿದೆ ಅಂತ ಕೇಳ್ತಾನಂತೆ. ಬಂದು ನಿಂತರೆ ಸಾಕಂತೆ."

"ಹಾಗಾದರೆ ಗಡ್ಡ ತೆಗೆಸಿ ಸಾರ್. ಮುಖ ಕಾಣಬೇಕಲ್ಲ."

ಬಸ್ ಸ್ಟ್ಯಾಂಡಿನ ಹಿಂದೆ ಬೇವಿನ ಮರದ ಕೆಳಗೆ ಕ್ಷೌರದವನು. ಡಾಕ್ಟರ್ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ. ಕತ್ತಿ ಒಂದು ಕೆನ್ನೆ ಮುಗಿಸಿತು. ನಿಂತಿತು.

"ಅಣ್ಣೇ..." ಕ್ಷೌರದವನು ಎರಡು ಹೆಜ್ಜೆ ಹಿಂದೆ ಸರಿದ. "ಎನ್ನಣ್ಣೇ ಇದು?"

ಗಡ್ಡ ಇದ್ದ ಜಾಗ ಕಂದು. ಮನುಷ್ಯರ ಬಣ್ಣ. ಅದರ ಮೇಲೆ ಗೆರೆ ಎಳೆದ ಹಾಗೆ ಕೆನ್ನೆ, ಮೂಗು, ಹಣೆ, ಕಿವಿ ಎಲ್ಲ ಸ್ಲೇಟು.

ಡಾಕ್ಟರ್ ಕಣ್ಣು ಬಿಟ್ಟ. ಮರಕ್ಕೆ ಮೊಳೆ ಹೊಡೆದು ತೂಗಿಸಿದ್ದ ಕನ್ನಡಿ ನೋಡಿದ. ಕೈಯಿಂದ ಮುಖ ಉಜ್ಜಿದ. ನೀರು ಹಾಕಿ ಉಜ್ಜಿದ. ಪಂಚೆಯ ತುದಿಯಿಂದ ಉಜ್ಜಿದ. ಆಮೇಲೆ ಕೈ ನಿಂತಿತು. ಅವನು ದಡ್ಡನಲ್ಲ.

"ಟೀ," ಅಂದ.

"ಖಾಲಿ ಹೊಟ್ಟೆಗೆ."

"ನೀನೂ ಕುಡಿದೆ. ನನ್ನ ಕಣ್ಣ ಮುಂದೆ ಕುಡಿದೆ. ನಿನಗೆ ಯಾಕೆ..."

"ನೆರಳು, ಸಾರ್. ತಿನ್ನೋದರಲ್ಲಿ ಏನೂ ಇಲ್ಲ. ಬಿಸಿಲಲ್ಲಿದೆ. ಅಂಗಡಿಯವರು ನೆರಳಲ್ಲಿ ಕೂರುತ್ತಾರೆ. ಕುರಿ ನೆರಳಲ್ಲಿ ಮೇಯಲ್ಲ."

ನನ್ನ ಕಡೆ ತಿರುಗಿದ.

"ಯಾರು ನೀನು?"

"ಪುಷ್ಪಾ ಅಂದರೆ ಯಾರು ಗೊತ್ತಾ ಸಾರ್?"

ಯೋಚಿಸಿದ. ನಿಜವಾಗಿ ಯೋಚಿಸಿದ.

"ಯಾರು?"

"ಅಷ್ಟೇ. ಅದಕ್ಕೇ."

ಎದ್ದು ನಿಂತ. ಅರ್ಧ ಗಡ್ಡ, ಕುತ್ತಿಗೆಗೆ ಸೋಪಿನ ನೊರೆ. "ಪೊಲೀಸ್‌ಗೆ ಹೇಳ್ತೀನಿ. ನೀನು ನನಗೆ ವಿಷ ಹಾಕಿದೆ ಅಂತ."

"ಹೇಳಿ. ಏನು ವಿಷ ಅಂತ ಕೇಳ್ತಾರೆ."

ಬಸ್ಸುಗಳ ಕಡೆ ನೋಡಿದ. ಓಡುತ್ತಾನೆ ಅಂದುಕೊಂಡೆ. ಎಲ್ಲಿಗೆ ಓಡುತ್ತಾನೆ? ಕಡಯಂಪಟ್ಟಿಗೆ? ಪಾಲುದಾರನ ಮನೆಗೆ? ಆ ಮುಖ ಹೊತ್ತುಕೊಂಡು ಹೋಗಲು ಕೋರ್ಟ್ ಒಂದೇ ಉಳಿದಿತ್ತು. ಅಲ್ಲಾದರೂ ಪೊಲೀಸರಿದ್ದರು.

ಕೂತ. ಉಳಿದ ಗಡ್ಡವನ್ನೂ ತೆಗೆಸಿಕೊಂಡ.

ಧರ್ಮಪುರಿ ಕೋರ್ಟಿನ ವರಾಂಡದಲ್ಲಿ ನಮ್ಮ ಹಟ್ಟಿಯ ಹೆಂಗಸರು ಸಾಲಾಗಿ ಕೂತಿದ್ದರು. ಮಧ್ಯದಲ್ಲಿ ಮಾರಕ್ಕ. ಡಾಕ್ಟರ್ ಅವರನ್ನು ನೋಡಿದ್ದು ಅದೇ ಮೊದಲು. ನಿಂತ. ಹೆಂಗಸರೂ ಅವನನ್ನು ನೋಡಿದರು. ಯಾರೂ ಬೈಯಲಿಲ್ಲ.

ಮಾರಕ್ಕ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಬಾಪ್ಪಾ, ಕೂತ್ಕೊ," ಅಂದಳು. "ನಮ್ಮೋನೇ ಆಗೋದೆ."

ಕನ್ನಡ ಬಾರದ ಡಾಕ್ಟರ್‌ಗೆ ಅದು ಅರ್ಥವಾಯಿತು ಅಂತ ಕಾಣುತ್ತದೆ. ಓಡಿದ ಹಾಗೆ ಒಳಗೆ ಹೋದ.

ಒಳಗೆ ವಕೀಲನ ವಾದ ಆಗಲೇ ಶುರುವಾಗಿತ್ತು. ಬೆನ್ನು ಬಾಗಿಲಿಗೆ. ಕೈ ಗಾಳಿಯಲ್ಲಿ.

"...ನನ್ನ ಕಕ್ಷಿದಾರರು ದಿನವೂ ಅದೇ ಔಷಧಿ ಕುಡಿಯುತ್ತಾರೆ, ಯುವರ್ ಆನರ್. ಅವರ ಮುಖದ ಮೇಲೆ ಒಂದು ಚುಕ್ಕೆ ಇದ್ದರೆ ನಾನು ಈ ಕೋಟು ಕಳಚುತ್ತೇನೆ. ಇಗೋ, ಅವರೇ ಬಂದರು. ದಯವಿಟ್ಟು ನೋಡಿ."

ಅವನು ತಿರುಗಿ ನೋಡಲಿಲ್ಲ. ಜಡ್ಜ್ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಡಾಕ್ಟರ್," ಅಂದರು ಮೆಲ್ಲಗೆ. "ಟಾನಿಕ್ ಕುಡಿದಿದ್ದೀರಾ?"

ಹೌದು ಅಂದರೆ ಮುಖವೇ ಸಾಕ್ಷಿ. ಇಲ್ಲ ಅಂದರೆ ವಕೀಲ ಸುಳ್ಳು. ಬಲವಂತವಾಗಿ ಕುಡಿಸಿದರು ಅಂದರೆ ಕುಡಿದರೆ ಹೀಗಾಗುತ್ತದೆ ಅಂತ ಒಪ್ಪಿದ ಹಾಗೆ. ಮೂರೂ ದಾರಿಯನ್ನು ಅವನು ಒಂದೊಂದಾಗಿ ಯೋಚಿಸುತ್ತಿರುವುದು ಬಾಗಿಲ ಬಳಿ ನಿಂತಿದ್ದ ನನಗೆ ಕಾಣುತ್ತಿತ್ತು.

"ಕುಡಿದಿದ್ದೇನೆ," ಅಂದ.

ಸಂಜೆಯೊಳಗೆ ಪೊಲೀಸರ ಜೊತೆ ಹೊರಗೆ ಬಂದ. ನನ್ನ ಮುಂದೆ ಬಂದಾಗ ನಿಂತ. ಕೂಗುತ್ತಾನೆ, ಉಗಿಯುತ್ತಾನೆ ಅಂದುಕೊಂಡಿದ್ದೆ. ದನಿ ಇಳಿದಿತ್ತು.

"ತಂಬಿ... ಇದು ಹೋಗುತ್ತಾ?"

"ಡಾಕ್ಟರ್ ನೀವು," ಅಂದೆ.

ಅಕ್ಕ ನನ್ನ ಹತ್ತಿರ ಬಂದಳು. ನನ್ನ ಕೈ ತಿರುಗಿಸಿ ಉಗುರು ನೋಡಿದಳು. ಮುದುಕ ಹೇಳಿದ್ದಾನೆ ಅಂತ ಗೊತ್ತಾಯಿತು.

"ನೀನ್ಯಾಕ್ಲಾ ಕುಡ್ದೆ?"

"ಒಬ್ಬನೇ ಕುಡಿಯೋ ಹಾಗಿಲ್ಲವಂತಲ್ಲ."

"ಉಚ್ಚ ಕಣ್ಲಾ ನೀನು," ಅಂದಳು. ಕೈ ಮಾತ್ರ ಬಿಡಲಿಲ್ಲ.

ಈಗ ಅವನು ಜೈಲಿನಲ್ಲಿದ್ದಾನೆ. ನಾನು ಸೇಲಂನಲ್ಲಿದ್ದೇನೆ. ಅದೇ ಕೆಲಸ. ಮೈಯೊಳಗಿನ ಬೆಳ್ಳಿ ಹೋಗುವುದಿಲ್ಲ, ಬೆಳಕಿಗೆ ಕಾಯುತ್ತಾ ಕೂತಿರುತ್ತದೆ. ಆದ್ದರಿಂದ ಉದ್ದ ತೋಳಿನ ಅಂಗಿ, ಕೈಯಲ್ಲಿ ಕೊಡೆ. ಸುಡುವ ಏಪ್ರಿಲ್ ತಿಂಗಳಿನಲ್ಲಿ ಒಬ್ಬ ರೌಡಿ ಕಪ್ಪು ಕೊಡೆ ಹಿಡಿದು ಬೆಳ್ಳಿ ಕಳ್ಳರನ್ನು ಅಟ್ಟುವುದು ನೋಡಲು ಚೆನ್ನಾಗಿರುವುದಿಲ್ಲ, ಗೊತ್ತು.

ಹಿಂದಿನ ವಾರ ಸಿಕ್ಕಿಬಿದ್ದ ಕಳ್ಳನೊಬ್ಬ ನಕ್ಕ. "ಮಳೆ ಎಲ್ಲಿದೆ ಅಣ್ಣೇ?" ಅಂದ.

ಕೊಡೆ ಮಡಚಿದೆ. ಅದರಿಂದಲೇ ನಾಲ್ಕು ಕೊಟ್ಟೆ. ಮತ್ತೆ ಬಿಚ್ಚಿಕೊಂಡೆ.